ಕೆಮ್ಮಿದ್ರೆ ಒಂದಕ್ಕೆ ಹೋಗ್ತಿತ್ತು, ಯಾರಿಗೂ ಹೇಳಿರ್ಲಿಲ್ಲ

ತಂಗಿ ಮನೆ ಗೃಹಪ್ರವೇಶಕ್ಕೆ ಬೆಂಗಳೂರಿಂದ ಸಾಗರಕ್ಕೆ ಬಸ್ಸಲ್ಲಿ ಹೊರಟಿದ್ದೆ. ದಾರೀಲಿ ಒಂದಕ್ಕೆ ಬಂದ್ರೆ ಏನ್ ಮಾಡೋದು ಅಂತ ಹೆದರ್ಕೊಂಡು ಬೆಳಿಗ್ಗೆಯಿಂದ ಎರಡು ಲೋಟ ಕಾಫಿ ಬಿಟ್ರೆ ಒಂದು ಗುಟುಕು ನೀರೂ ಕುಡಿದಿರ್ಲಿಲ್ಲ. ತಿಪಟೂರು ದಾಟಿದ್ಮೇಲೆ ಆ ಒಣಕೆಮ್ಮು ಶುರುವಾಯ್ತು ನೋಡಿ, ಕೆಮ್ಮಿದಾಗೆಲ್ಲ ಸ್ವಲ್ಪ ಸ್ವಲ್ಪ ಹೋಗ್ತಾನೇ ಇತ್ತು, ಕಾಲು ಬಿಗಿಹಿಡಿದು ಕೂತ್ರೂ ನಿಲ್ಲಲಿಲ್ಲ, ಅರಸೀಕೆರೆ ಬಸ್ ಸ್ಟ್ಯಾಂಡಲ್ಲಿ ಎದ್ದು ನಿಂತಾಗ ಸೀರೆ ಹಿಂದೆ ಒದ್ದೆ. ಸೆರಗು ಸುತ್ಕೊಂಡು ವಾಪಸ್ ಬಂದು ಕೂತೆ, ಸಾಗರ ಬರೋ ತನಕ ಏಳಲೇ ಇಲ್ಲ.

ಬಂದ ತಕ್ಷಣ ಸೀರೆ ಬದಲಾಯಿಸ್ತಿರೋದು ನೋಡಿ ತಂಗಿ ಕೇಳಿದ್ಲು. ಎರಡು ವರ್ಷದಿಂದ ಗಂಡನಿಗೂ ಹೇಳದ್ದನ್ನ ಅವಳ ಹತ್ರ ಹೇಳಿ ಅತ್ತುಬಿಟ್ಟೆ. "ಜೋರಾಗಿ ಸೀನಿದ್ರೆ ನಂಗೂ ಹಾಗೇ ಆಗ್ತದೆ ಅಕ್ಕ" ಅಂದ್ಲು. ನಮ್ಮಮ್ಮ ಕೊನೆಕೊನೆಗೆ ಮಂಡಿನೋವು ಅಂತ ಯಾವ ಮದುವೆಗೂ ಬರ್ತಿರ್ಲಿಲ್ಲ, ಅವಳಿಗೂ ಇದೇ ಇತ್ತೇನೋ.

ಮಾರನೇ ವಾರ ಲೇಡಿ ಡಾಕ್ಟರ್ ಹತ್ರ ಹೋದ್ವಿ. ಅವರು ಮೊದಲು ಕೇಳಿದ್ದೇ ಏನೇನ್ ಮಾತ್ರೆ ತಗೋತೀರಾ ಅಂತ. ಬಿಪಿಗೆ ರಾಮಿಪ್ರಿಲ್, ಎಂಟು ತಿಂಗಳಿಂದ. ಆ ಜಾತಿ ಮಾತ್ರೆ ಕೆಲವರಿಗೆ ಒಣಕೆಮ್ಮು ತರತ್ತಂತೆ! ಎರಡು ನಾರ್ಮಲ್ ಹೆರಿಗೆ ಆಗಿ, ಮುಟ್ಟೂ ನಿಂತು ಹಾರ್ಮೋನ್ ಕಮ್ಮಿಯಾಗಿ, ಕೆಳಗಿನ ಸ್ನಾಯು ಮೊದಲೇ ಸಡಿಲ ಆಗಿತ್ತು, ಕೆಮ್ಮಿದಾಗ ಹೊಟ್ಟೆಯಿಂದ ಬೀಳೋ ಒತ್ತಡ ಅದು ತಡೀತಿರ್ಲಿಲ್ಲ. ಮನೆ ಬೀಗ ತೆಗೀವಾಗ ತಡ್ಕೊಳ್ಳೋಕಾಗದಷ್ಟು ಅವಸರ ಆಗತ್ತೆ ಅಂದೆ, ಅದು ಬೇರೆ ಥರದ್ದು, ಮೂತ್ರಚೀಲ ತಾನಾಗೇ ಹಿಂಡ್ಕೊಳ್ಳೋದು ಅಂದ್ರು. ದಿನಕ್ಕೆ ಐದು ಕಾಫಿ ಅದನ್ನ ಕೆರಳಿಸ್ತಿತ್ತು, ನೀರು ಬಿಟ್ಟಿದ್ದಕ್ಕೆ ಮೂತ್ರ ಗಟ್ಟಿಯಾಗಿ ಇನ್ನೂ ಕೆರಳ್ತಿತ್ತು, ಜೊತೆಗೆ ಮಲಬದ್ಧತೆ. ಒಳ್ಳೇದು ಅಂತ ಮಾಡ್ತಿದ್ದದ್ದೇ ತಪ್ಪು! ಯೂರಿನ್ ಟೆಸ್ಟಲ್ಲಿ ಇನ್ಫೆಕ್ಷನ್ ಇರ್ಲಿಲ್ಲ, ಶುಗರ್ ಕೂಡ ಇಲ್ಲ.

ಬಿಪಿ ಮಾತ್ರೆ ನೀವಾಗೇ ನಿಲ್ಲಿಸ್ಬೇಡಿ ಅಂತ ಅವರೇ ಬೇರೆ ಬರೆದುಕೊಟ್ರು, ತಿಂಗಳೊಳಗೆ ಕೆಮ್ಮು ಹೋಯ್ತು. ಸಡಿಲ ಆದ ಸ್ನಾಯುಗೆ ಒಂದು ವ್ಯಾಯಾಮನೂ ಹೇಳ್ಕೊಟ್ರು: ಒಂದಕ್ಕೆ ಬಂದಿದ್ದನ್ನ ತಡ್ಕೊಳ್ಳೋ ಥರ ಒಳಗಡೆ ಬಿಗಿಹಿಡಿದು ಐದು ಸೆಕೆಂಡ್ ಆದ್ಮೇಲೆ ಬಿಡೋದು, ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಮೊದಲ ತಿಂಗಳು ಏನೂ ಗೊತ್ತಾಗ್ಲಿಲ್ಲ, ಮೂರು ತಿಂಗಳು ಬಿಡದೆ ಮಾಡಿದ್ಮೇಲೆ ಸೀನಿದ್ರೂ ಹೆಚ್ಚು ಸಲ ನಿಲ್ಲತ್ತೆ. ಕಾಫಿ ಎರಡಕ್ಕೆ ಇಳಿಸಿದೀನಿ. ತಂಗೀನೂ ಮಾಡ್ತಿದಾಳೆ, ರಾತ್ರಿ ಫೋನಲ್ಲಿ ಇಬ್ರೂ ಒಟ್ಟಿಗೆ ಎಣಿಸ್ತೀವಿ.