ಉಗುರು ತೋರಿಸಿ

ಪಿ.ಟಿ. ಮೇಷ್ಟ್ರು ಹೋದರು ಅನ್ನುವ ಸುದ್ದಿ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಬಂದಾಗ ನಾನು ಈಜುಕೊಳದ ಪಕ್ಕದ ಮೆಟ್ಟಿಲ ಮೇಲೆ ಕೂತಿದ್ದೆ. 2024ರ ಅಕ್ಟೋಬರ್. ಕ್ಯಾಲಿಫೋರ್ನಿಯಾದ ಸ್ಯಾನ್ ರಮೋನ್ ಕಡೆಯ ಒಂದು ಹೈಸ್ಕೂಲು. ಮಗಳ ವಾಟರ್ ಪೋಲೋ ಪಂದ್ಯ, ಅಂದರೆ ನೀರಿನಲ್ಲಿ ಈಜುತ್ತಾ ಚೆಂಡನ್ನು ಗೋಲಿಗೆ ಎಸೆಯುವ ಆಟ, ಶುರುವಾಗುವುದರಲ್ಲಿತ್ತು. ಹುಡುಗಿಯರು ಕೊಳದ ಅಂಚಿನಲ್ಲಿ ಸಾಲಾಗಿ ನಿಂತು ಎರಡೂ ಕೈ ಮುಂದೆ ಚಾಚಿದ್ದರು. ರೆಫರಿ ಒಬ್ಬೊಬ್ಬರ ಬೆರಳ ತುದಿ ಮುಟ್ಟಿ, ಉಗುರು ನೋಡುತ್ತಾ ಬರುತ್ತಿದ್ದರು. ಫೋನಿನಲ್ಲಿ ಮೇಷ್ಟ್ರ ಫೋಟೋ, ಎದುರಿಗೆ ಚಾಚಿದ ಕೈಗಳು. ಕಣ್ಣು ತುಂಬಿ ಬಂತು. ಮೊದಲ ಕ್ವಾರ್ಟರ್ ನನಗೆ ಕಾಣಿಸಲೇ ಇಲ್ಲ.

ನಮ್ಮ ಶಾಲೆಯಲ್ಲಿ ಓದಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪ್ರತಿ ಸೋಮವಾರ ಪ್ರಾರ್ಥನೆ ಮುಗಿದ ಕೂಡಲೇ ಮೇಷ್ಟ್ರ ದನಿ ಬರುತ್ತಿತ್ತು: "ಉಗುರು ತೋರಿಸಿ!" ಕೈಯಲ್ಲಿ ಮರದ ಸ್ಕೇಲು. ಉಗುರು ಬೆಳೆದಿದ್ದರೆ ಸ್ಕೇಲಿನ ಅಂಚಿನಿಂದ ಬೆರಳ ಗಂಟಿನ ಮೇಲೆ ಒಂದು ಏಟು. ಜೋರಾಗಿ ಅಲ್ಲ, ಆದರೆ ನೆನಪಿರುವಷ್ಟು. "ಆಟಕ್ಕೆ ಇಳಿಯೋರಿಗೆ ಉಗುರು ಅಂದ್ರೆ ಆಯುಧ ಕಣ್ರೇ, ಮನೇಲಿ ಬಿಟ್ಟು ಬನ್ನಿ" ಅನ್ನುತ್ತಿದ್ದರು. ಥ್ರೋಬಾಲ್‌ಗೂ ಖೋಖೋಗೂ ಇಷ್ಟೊಂದು ಯಾಕೆ ಅಂತ ನಾವು ಗೊಣಗುತ್ತಿದ್ದೆವು. ಅವರ ತಲೆಯಲ್ಲಿದ್ದ ಆಟ ಬೇರೆ ಅಂತ ಆಮೇಲೆ ಗೊತ್ತಾಯಿತು.

ಒಂಬತ್ತನೇ ಕ್ಲಾಸಿನಲ್ಲಿ ಏನು ಪಾಠ ಆಯಿತು ಅಂತ ಕೇಳಿದರೆ ನನಗೆ ಒಂದೂ ನೆನಪಿಲ್ಲ. ನೆನಪಿರುವುದು 1990ರ ಜನವರಿಯ ಆ ಶನಿವಾರ.

ಶನಿವಾರ ಮಾರ್ನಿಂಗ್ ಕ್ಲಾಸ್. ಹನ್ನೊಂದೂವರೆಗೆ ಬಿಟ್ಟರೆ ಹನ್ನೆರಡೂವರೆ ತನಕ ಮನೆಯಲ್ಲಿ ಯಾರೂ ನಮ್ಮ ದಾರಿ ನೋಡುತ್ತಿರಲಿಲ್ಲ. ನಾನು ಥ್ರೋಬಾಲ್ ತಂಡದ ಕ್ಯಾಪ್ಟನ್, ಆ ವರ್ಷ ಜಿಲ್ಲಾ ಮಟ್ಟದ ತನಕ ತಂಡ ಕರೆದುಕೊಂಡು ಹೋದವಳು. ಆಟದ ಸಾಮಾನಿನ ಕೋಣೆಯ ಬೀಗದ ಕೈ ನನ್ನ ಹತ್ತಿರವೇ ಇರುತ್ತಿತ್ತು. ನಾವು ಐದು ಜನ ಚೆಂಡನ್ನು ಪಾಟಿಚೀಲದಲ್ಲಿ ಹಾಕಿಕೊಂಡು ಸೀದಾ ತುಂಗೆಗೆ ಇಳಿದೆವು. ಬಂಡೆಗಳೆಲ್ಲ ಎದ್ದು ಕಾಣುವಷ್ಟು ನೀರು ಕಡಿಮೆಯಾಗಿತ್ತು. ಲಂಗ ಎತ್ತಿ ಕಟ್ಟಿ ಮೊಣಕಾಲ ನೀರಿನಲ್ಲಿ ಥ್ರೋಬಾಲ್ ಶುರು ಮಾಡಿದೆವು. ಅಂಥ ಖುಷಿ ನಾನು ಮತ್ತೆ ಕಂಡಿಲ್ಲ.

ನಾನು ಎಸೆದ ಒಂದು ಚೆಂಡು ಜಾಸ್ತಿ ದೂರ ಹೋಯಿತು. ಅದನ್ನು ಹಿಡಿಯಲು ಹೋದ ಗೆಳತಿ ಬಂಡೆಯಿಂದ ಜಾರಿದಳು. ಒಂದು ಹೆಜ್ಜೆಯಲ್ಲಿ ಮೊಣಕಾಲ ನೀರು ಕತ್ತಿನ ನೀರಾಯಿತು. ಆಮೇಲೆ ಜಡೆ ಮಾತ್ರ ಕಾಣುತ್ತಿತ್ತು. ಆಚೆ ಬಟ್ಟೆ ಒಗೆಯುತ್ತಿದ್ದವರೊಬ್ಬರು ಧುಮುಕಿ ಆ ಜಡೆ ಹಿಡಿದೇ ಅವಳನ್ನು ಎಳೆದು ತಂದರು. ಚೆಂಡು ತಿರುವಿನ ತನಕ ಕುಣಿಯುತ್ತಾ ಹೋಗಿ ಮಾಯವಾಯಿತು. ನಾವು ನಾಲ್ವರು ಬಂಡೆಯ ಮೇಲೆ ನಿಂತು ಕೂಗಿದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ. ಯಾರಿಗೂ ಈಜು ಬರುತ್ತಿರಲಿಲ್ಲ.

ಸೋಮವಾರ ಹೆಡ್‌ಮಾಸ್ತರರ ಕೋಣೆಯಲ್ಲಿ ಐದೂ ಜನ ನಿಂತಿದ್ದೆವು. ಟಿ.ಸಿ. ಕೊಟ್ಟು ಕಳಿಸುವ ಮಾತು ನಡೆದಿತ್ತು. ಪಿ.ಟಿ. ಮೇಷ್ಟ್ರು ಬಾಗಿಲ ಹತ್ತಿರ ನಿಂತಿದ್ದವರು ಒಂದೇ ಪ್ರಶ್ನೆ ಕೇಳಿದರು. "ನಿಮ್ಮಲ್ಲಿ ಈಜು ಬರೋರು ಕೈ ಎತ್ತಿ." ಒಂದು ಕೈಯೂ ಮೇಲೆ ಹೋಗಲಿಲ್ಲ. ಮೇಷ್ಟ್ರು ಹೆಡ್‌ಮಾಸ್ತರರ ಕಡೆ ತಿರುಗಿ, "ಹಾಗಾದ್ರೆ ತಪ್ಪು ನಂದು ಸಾರ್. ಹೊಳೆ ದಡದ ಮಕ್ಕಳಿಗೆ ನಾನು ಖೋಖೋ ಕಲಿಸ್ತಾ ಕೂತಿದೀನಿ" ಅಂದರು. ಆ ಮಾತು ಕೇಳಿ ನಾನು ಅತ್ತೆ. ಬೈದಿದ್ದರೆ ಅಳುತ್ತಿರಲಿಲ್ಲ.

ಮುಂದಿನ ಭಾನುವಾರದಿಂದ ಅವರ ತೋಟದ ಕೆರೆಯಲ್ಲಿ ಪಾಠ. ಹೆಣ್ಣುಮಕ್ಕಳನ್ನು ನೀರಿಗೆ ಇಳಿಸುತ್ತಾರಂತೆ ಅಂತ ಊರೆಲ್ಲ ಮಾತಾಯಿತು. ಅದಕ್ಕೆ ಮದ್ದು ಅರೆದವರು ಅವರ ಹೆಂಡತಿ, ನಮ್ಮ ಹೊಲಿಗೆ ಅಕ್ಕೋರು. ಹಳೇ ಯೂನಿಫಾರ್ಮ್ ಬಟ್ಟೆಯಿಂದ ಮೊಣಕಾಲು ಮುಚ್ಚುವ ಚಡ್ಡಿ, ತೋಳಿನ ಅಂಗಿ ಹೊಲಿದರು. ಅದನ್ನು ಐದೂ ಮನೆಗೆ ತಾವೇ ಹೊತ್ತುಕೊಂಡು ಹೋಗಿ ಅಮ್ಮಂದಿರಿಗೆ ತೋರಿಸಿದರು. "ನಾನು ದಡದಲ್ಲೇ ಕೂತಿರ್ತೀನಿ" ಅಂದರು. ಹಾಗೇ ಕೂತರು, ಸೂಜಿ ದಾರ ಹಿಡಿದುಕೊಂಡು, ಎರಡು ಬೇಸಿಗೆ.

ಬೆನ್ನಿಗೆ ಖಾಲಿ ಕ್ಯಾನ್ ಕಟ್ಟಿ ಕೈಕಾಲು ಬಡಿಯುವುದು ಒಂದೆರಡು ವಾರದಲ್ಲಿ ಮುಗಿಯಿತು. ಮೇಷ್ಟ್ರಿಗೆ ಮುಖ್ಯವಾಗಿದ್ದು ಮುಂದೆ ಹೋಗುವುದಲ್ಲ, ನಿಂತಲ್ಲೇ ನಿಲ್ಲುವುದು. ಕೆಳಗೆ ನೆಲ ಸಿಗದ ಕಡೆ, ಕೈ ಬಳಸದೆ. ಒಂದು ಕಾಲು ಈ ಕಡೆ ಸುತ್ತಬೇಕು, ಇನ್ನೊಂದು ಆ ಕಡೆ. "ಮಜ್ಜಿಗೆ ಕಡೀರಿ, ಮಜ್ಜಿಗೆ ಕಡೀರಿ" ಅಂತ ದಡದಿಂದ ಕೂಗುತ್ತಿದ್ದರು. ಕಾಲು ಹದಕ್ಕೆ ಬಂದ ಮೇಲೆ ಒಬ್ಬೊಬ್ಬರ ಕೈಗೆ ಒಂದು ಬೆಂಕಿಪೊಟ್ಟಣ ಕೊಟ್ಟರು. ಅದನ್ನು ತಲೆಯ ಮೇಲೆ ಎತ್ತಿ ಹಿಡಿದು ಅವರು ನೂರು ಎಣಿಸುವ ತನಕ ನಿಲ್ಲಬೇಕು. ದಡಕ್ಕೆ ಬಂದು ಅಕ್ಕೋರ ಕೈಗೆ ಕೊಡಬೇಕು. ಅವರು ಕಡ್ಡಿ ಗೀರಿ ಮೂರು ಕಲ್ಲಿನ ಒಲೆ ಹೊತ್ತಿಸಬೇಕು. ಐದೂ ಪೊಟ್ಟಣ ಒದ್ದೆಯಾದ ದಿನ ಯಾರಿಗೂ ಕಾಫಿ ಇಲ್ಲ. ಮೊದಲ ಸಲ ನನ್ನ ಪೊಟ್ಟಣದ ಕಡ್ಡಿ ಚರ್ರಂತ ಹೊತ್ತಿಕೊಂಡದ್ದು, ಆ ಗಂಧಕದ ವಾಸನೆ, ಒದ್ದೆ ಜಡೆಯಿಂದ ಬೆನ್ನ ಮೇಲೆ ಇಳಿಯುತ್ತಿದ್ದ ನೀರು, ಬೆಲ್ಲದ ಕಾಫಿ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನವೂ ನನಗೆ ಅಷ್ಟು ಹೆಮ್ಮೆ ಆಗಿಲ್ಲ.

ಮೇಷ್ಟ್ರು ಸೈನ್ಯದಲ್ಲಿದ್ದು ಬಂದವರು. ಅಲ್ಲಿ ವಾಟರ್ ಪೋಲೋ ಆಡಿದ್ದರು. ಹೊಸ ಥ್ರೋಬಾಲ್ ತಂದು ಕೆರೆಯಲ್ಲಿ ನಮಗೆ ಆಟ ತೋರಿಸಿದರು. ಒಂದು ಕಡೆಗೆ ಏಳು ಜನ, ಅದರಲ್ಲಿ ಒಬ್ಬರು ಗೋಲ್‌ಕೀಪರ್. ಗೋಲ್‌ಕೀಪರ್ ಬಿಟ್ಟು ಬೇರೆಯವರು ಎರಡು ಕೈಯಲ್ಲಿ ಚೆಂಡು ಮುಟ್ಟುವ ಹಾಗಿಲ್ಲ. ತಳಕ್ಕೆ ಕಾಲು ಊರುವ ಹಾಗೂ ಇಲ್ಲ. "1951ರ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ದೇಶ ಚಿನ್ನ ಗೆದ್ದ ಆಟ ಕಣ್ರೇ ಇದು" ಅನ್ನುವಾಗ ಅವರ ಮುಖ ನೋಡಬೇಕಿತ್ತು. "ಹುಡುಗೀರು ಆಡ್ತಾರಾ ಸಾರ್?" ಅಂತ ನಾನೇ ಕೇಳಿದೆ. "ಆಡ್ತಾರೆ. ಒಲಿಂಪಿಕ್ಸ್‌ನಲ್ಲಿ ಮಾತ್ರ ಇನ್ನೂ ಬಿಟ್ಟುಕೊಂಡಿಲ್ಲ" ಅಂದರು. ಗಂಡಸರ ಆಟ 1900ರಿಂದ ಇದೆ. ಹೆಂಗಸರಿಗೆ ಜಾಗ ಸಿಕ್ಕಿದ್ದು 2000ದಲ್ಲಿ, ಸಿಡ್ನಿಯಲ್ಲಿ, ಅದೂ ಆಸ್ಟ್ರೇಲಿಯದ ಆಟಗಾರ್ತಿಯರು ಪಟ್ಟು ಹಿಡಿದ ಮೇಲೆ. ನೂರು ವರ್ಷ! ನಾನಾಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೆ. ಅದೇ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ನಿಶಾ ಮಿಲೆಟ್ ಈಜಿದರು. ಪೇಪರಿನಲ್ಲಿ ಅವರ ಫೋಟೋ ಹುಡುಕುತ್ತಿದ್ದವಳಿಗೆ ವಾಟರ್ ಪೋಲೋ ಸುದ್ದಿಯೂ ಸಿಕ್ಕಿತು. ಆಸ್ಟ್ರೇಲಿಯ ಕೊನೆಯ ಕ್ಷಣದ ಗೋಲಿನಿಂದ ಅಮೆರಿಕವನ್ನು 4-3ರಲ್ಲಿ ಸೋಲಿಸಿತ್ತು. ಕತ್ತರಿಸಿ ಮೇಷ್ಟ್ರಿಗೆ ಪೋಸ್ಟ್ ಮಾಡಿದೆ.

ಆಮೇಲೆ ಮದುವೆ, ಅಮೆರಿಕ. ನಾವು ಬಂದು ನೆಲೆಸಿದ ಸ್ಯಾನ್ ರಮೋನ್‌ನಲ್ಲೇ 1993ರಲ್ಲಿ ಒಬ್ಬ ಹುಡುಗಿ ಹುಟ್ಟಿದ್ದಳು. ಮ್ಯಾಗಿ ಸ್ಟೆಫೆನ್ಸ್. ಅಪ್ಪ ಪೋರ್ಟೊ ರಿಕೊ ತಂಡಕ್ಕೆ ವಾಟರ್ ಪೋಲೋ ಆಡಿದವರು. ಅಕ್ಕ ಜೆಸಿಕಾ 2008ರ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ತಂಡದಲ್ಲಿದ್ದಳು. 2012ರಲ್ಲಿ ಲಂಡನ್ನಿಗೆ ಅಕ್ಕ ತಂಗಿ ಇಬ್ಬರೂ ಹೋದರು. ತಂಗಿಗೆ 19 ವರ್ಷ, ಮೊದಲ ಒಲಿಂಪಿಕ್ಸ್. ಹಂಗೇರಿ ಎದುರಿನ ಮೊದಲ ಪಂದ್ಯದಲ್ಲೇ ಏಳು ಗೋಲು ಹೊಡೆದಳು. ಸ್ಪೇನ್ ಎದುರಿನ ಫೈನಲ್ 8-5, ಅದರಲ್ಲಿ ಐದು ಅವಳದೇ. ಇಡೀ ಕೂಟದಲ್ಲಿ 21. ಅಮೆರಿಕದ ಹೆಂಗಸರಿಗೆ ಈ ಆಟದಲ್ಲಿ ಅದು ಮೊದಲ ಚಿನ್ನ. ಐದು ವರ್ಷದ ಮಗಳನ್ನು ತೊಡೆ ಮೇಲೆ ಕೂರಿಸಿಕೊಂಡು ನೋಡಿದೆ. ಟಿ.ವಿ.ಯಲ್ಲಿ ನೀರೊಳಗಿನ ಕ್ಯಾಮೆರಾ ತೋರಿಸಿದಾಗ ಎದ್ದು ನಿಂತೇಬಿಟ್ಟೆ. ಮೇಲೆ ಶಾಂತವಾದ ಮುಖ, ಎತ್ತಿದ ಕೈ. ಕೆಳಗೆ ಎರಡು ಕಾಲು ಮಜ್ಜಿಗೆ ಕಡೆಯುತ್ತಿದ್ದವು! ಇಲ್ಲಿನವರು ಅದನ್ನು ಮೊಟ್ಟೆ ಕಡೆಯುವುದು ಅನ್ನುತ್ತಾರೆ, ಅಷ್ಟೇ.

ಅವತ್ತೇ ಮೇಷ್ಟ್ರಿಗೆ ಫೋನ್ ಮಾಡಿದೆ. ಗೋಲಿನ ಲೆಕ್ಕ ಎಲ್ಲ ಕೇಳಿಸಿಕೊಂಡು ಅವರು ಕೇಳಿದ್ದು ಒಂದೇ. "ಉಗುರು ನೋಡ್ತಾರೇನೇ ಅಲ್ಲಿ?" ನನಗೆ ಆಗ ಗೊತ್ತಿರಲಿಲ್ಲ. ಮಗಳ ಮೊದಲ ಪಂದ್ಯದಲ್ಲಿ ಕಣ್ಣಾರೆ ಕಂಡ ಮೇಲೆ ಮತ್ತೆ ಫೋನ್ ಮಾಡಿ, "ನೋಡ್ತಾರೆ ಸಾರ್" ಅಂದೆ. ಬಹಳ ಹೊತ್ತು ನಕ್ಕರು. ನೀರಿನ ಕೆಳಗೆ ಈಜುಡುಗೆ ಎಳೆಯುತ್ತಾರೆ, ಒದೆಯುತ್ತಾರೆ, ಪರಚುತ್ತಾರೆ. ರೆಫರಿಗೆ ಕಾಣುವುದು ಮೇಲಿನ ಅರ್ಧ ಮಾತ್ರ. ಸೋಮವಾರದ ಸ್ಕೇಲು ಎಲ್ಲಿಂದ ಬಂದದ್ದು ಅಂತ ನನಗೆ ಅರ್ಥವಾಗಲು ಇಪ್ಪತ್ತೈದು ವರ್ಷಕ್ಕೂ ಜಾಸ್ತಿ ಬೇಕಾಯಿತು.

ಮ್ಯಾಗಿ ಮುಂದೆ ಕ್ಯಾಪ್ಟನ್ ಆದಳು. 2016ರಲ್ಲಿ ರಿಯೋದಲ್ಲಿ ಇಟಲಿಯನ್ನು 12-5ರಲ್ಲಿ ಸೋಲಿಸಿ ಎರಡನೇ ಚಿನ್ನ. ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಲೇ ಕಾಲೇಜು ತಂಡಕ್ಕೂ ಮೂರು ರಾಷ್ಟ್ರೀಯ ಪಟ್ಟ. ಕೊರೋನಾದಿಂದ ಒಂದು ವರ್ಷ ಮುಂದೆ ಹೋದ ಟೋಕಿಯೋ ಕೂಟದಲ್ಲಿ ಅಮೆರಿಕ ನಡುವೆ ಹಂಗೇರಿಗೆ ಒಂದು ಪಂದ್ಯ ಸೋತಿತು. ಆದರೆ ಫೈನಲ್‌ನಲ್ಲಿ ಸ್ಪೇನ್ ಎದುರು 14-5. ಇಟಲಿಯ ತಾನಿಯಾ ದಿ ಮಾರಿಯೊ ಒಲಿಂಪಿಕ್ಸ್‌ನಲ್ಲಿ ಹೊಡೆದ 47 ಗೋಲಿನ ಹೆಂಗಸರ ದಾಖಲೆಯನ್ನು ಮ್ಯಾಗಿ ಅಲ್ಲಿ ದಾಟಿದಳು. ಟೋಕಿಯೋ ಮುಗಿದಾಗ ಅವಳ ಲೆಕ್ಕ 56. ಮಗಳು ಅವಳ ಹಾಗೆ 6ನೇ ನಂಬರಿನ ಟೋಪಿ ಬೇಕು ಅಂತ ಹಟ ಹಿಡಿದು ಪಡೆದಳು.

ಇಷ್ಟೆಲ್ಲ ಗೆದ್ದ ಮೇಲೂ 2024ರಲ್ಲಿ ಅವಳು ಇನ್‌ಸ್ಟಾಗ್ರಾಮಿನಲ್ಲಿ ಬರೆದದ್ದು ಓದಿ ನನಗೆ ಸಂಕಟವಾಯಿತು. ಹೆಚ್ಚಿನ ಒಲಿಂಪಿಕ್ಸ್ ಆಟಗಾರರು ಹೊಟ್ಟೆಪಾಡಿಗೆ ಎರಡನೇ, ಮೂರನೇ ಕೆಲಸ ಮಾಡಬೇಕಾಗುತ್ತದೆ ಅಂತ. ಅವಳ ಜೊತೆಗಾರ್ತಿಯರಲ್ಲಿ ಟೀಚರುಗಳೂ ಕೋಚುಗಳೂ ಇದ್ದರು. ಅದನ್ನು ಓದಿದ ರ‍್ಯಾಪ್ ಗಾಯಕ ಫ್ಲೇವರ್ ಫ್ಲೇವ್ ತಾನೇ ಮುಂದೆ ಬಂದು ತಂಡಕ್ಕೆ ಪ್ರಾಯೋಜಕನಾದ. ಅಂಥ ಶ್ರೀಮಂತ ದೇಶದಲ್ಲೇ ಹೀಗೆ.

ಪ್ಯಾರಿಸ್‌ನಲ್ಲಿ ನಾಲ್ಕನೇ ಚಿನ್ನ ಸಿಗಲಿಲ್ಲ. ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯ ಎದುರು ಪೆನಾಲ್ಟಿ ಶೂಟೌಟ್‌ನಲ್ಲಿ ಸೋಲು. ಕಂಚಿನ ಪಂದ್ಯದಲ್ಲೂ ನೆದರ್ಲೆಂಡ್ಸ್ ಎದುರು 11-10ರಲ್ಲಿ ಸೋಲು, ಒಂದೇ ಗೋಲಿನಿಂದ. ಮಗಳು ಊಟ ಬಿಟ್ಟು ಅತ್ತಳು. ನಾನು ಮೇಷ್ಟ್ರಿಗೆ ಫೋನ್ ಹಚ್ಚಿ ಅವಳ ಕೈಗೆ ಕೊಟ್ಟೆ. ಅವರಿಗೆ ಆಗ 86. ದನಿ ನಡುಗುತ್ತಿತ್ತು. "ಎಷ್ಟು ಒಲಿಂಪಿಕ್ಸ್ ಆಡಿದಳಮ್ಮಾ?" ನಾಲ್ಕು ಅಂದಳು ಮಗಳು. "ಹನ್ನೆರಡು ವರ್ಷ ಕಾಲು ಊರದೆ ನಿಂತಳಲ್ಲೇ! ಇನ್ನೇನು ಬೇಕು ನಿಂಗೆ?" ಅಂದರು. ಅದೇ ನಾವು ಅವರ ಜೊತೆ ಆಡಿದ ಕೊನೆಯ ಮಾತು.

ಡಿಸೆಂಬರ್‌ನಲ್ಲಿ ಬ್ಯಾಚಿನವರೆಲ್ಲ ಶಾಲೆಯಲ್ಲಿ ಸೇರಿದೆವು. ಮಗಳನ್ನೂ ಕರೆದುಕೊಂಡು ಬಂದಿದ್ದೆ. ಹೊಸ ಕಟ್ಟಡ, ಕಂಪ್ಯೂಟರ್ ಕೋಣೆ ನೋಡಿ ಸಂತೋಷವಾಯಿತು. ಆದರೆ ಟೈಮ್‌ಟೇಬಲ್‌ನಲ್ಲಿ ಆಟದ ಪಿರಿಯಡ್ ಇದ್ದ ಕಡೆ ಗಣಿತ ಅಂತ ತಿದ್ದಿ ಬರೆದಿತ್ತು. ಪಿ.ಟಿ. ಮೇಷ್ಟ್ರ ಹುದ್ದೆ ಖಾಲಿ. ಒಂಬತ್ತನೇ ಕ್ಲಾಸಿಗೆ ಹೋಗಿ ಈಜು ಬರುವವರು ಕೈ ಎತ್ತಿ ಅಂದೆ. ನಲವತ್ತು ಮಕ್ಕಳಲ್ಲಿ ಇಬ್ಬರು ಹುಡುಗರು ಎತ್ತಿದರು. ಹುಡುಗಿಯರಲ್ಲಿ ಒಬ್ಬಳೂ ಇಲ್ಲ. ಕಿಟಕಿಯ ಆಚೆ ಅದೇ ತುಂಗೆ ಹರಿಯುತ್ತಿತ್ತು. ಮಕ್ಕಳಿಗೆ ಅಂಕ ಬರಲಿ, ಬೇಡ ಅನ್ನುವುದಿಲ್ಲ. ಆದರೆ ಹೊಳೆ ದಡದ ಮಕ್ಕಳಿಗೆ ನೀರಿನಲ್ಲಿ ನಿಲ್ಲಲು ಬರದಿದ್ದರೆ ಅದು ಎಂಥ ಓದು? ನನಗಂತೂ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಅಕ್ಕೋರ ಮನೆಗೆ ಹೋದೆವು. ತೋಟದ ಕೆರೆಯಲ್ಲಿ ಅರ್ಧ ಹೂಳು, ಇನ್ನರ್ಧ ಅಂತರಗಂಗೆ. ಮಗಳು ದಡದಲ್ಲಿ ಸುಮ್ನೆ ನಿಂತು ನೋಡಿದಳು. ನಾನು ಅಕ್ಕೋರಿಗೆ ಹೇಳಿದೆ: ಹೂಳು ತೆಗೆಸುವ ಖರ್ಚು ನನ್ನದು. ಏಪ್ರಿಲ್ ರಜೆಗೆ ನಾನೇ ಬರುತ್ತೇನೆ, ಒಂಬತ್ತನೇ ಕ್ಲಾಸಿನ ಹುಡುಗಿಯರಿಗೆ ಕಲಿಸುತ್ತೇನೆ. ಇವತ್ತಿಗೂ ನಾನು ಬೆಂಕಿಪೊಟ್ಟಣ ಒದ್ದೆಯಾಗದ ಹಾಗೆ ನೂರಲ್ಲ, ಐನೂರು ಎಣಿಸುವ ತನಕ ನಿಲ್ಲಬಲ್ಲೆ. ಹೆಡ್‌ಮಾಸ್ತರರು ಒಪ್ಪಿದ್ದಾರೆ. ಅಮ್ಮಂದಿರು ಒಪ್ಪಬೇಕು.

ಅಕ್ಕೋರು ಮಾತಾಡಲಿಲ್ಲ. ಎದ್ದು ಒಳಗೆ ಹೋದರು. ಹೊಲಿಗೆ ಮೆಷಿನ್ನಿನ ಮುಚ್ಚಳ ತೆಗೆಯುವ ಸದ್ದು ಕೇಳಿಸಿತು. ಅವರಿಗೀಗ ಎಂಬತ್ತು. ಹೊರಗೆ ಬಂದು ಕೊರಳಿಗೆ ಟೇಪು ಹಾಕಿಕೊಂಡು, "ಎಷ್ಟು ಜನ ಹುಡುಗೀರು? ಅಳತೆ ಯಾವಾಗ ಕಳಿಸ್ತೀಯೆ?" ಅಂದರು.