ಎಡಗಡೆಯ ಎರಡು ಇಂಚು

ನಮ್ಮನೆ ಊಟದ ಮೇಜಿನ ಎದುರು ಗೋಡೆಯಲ್ಲಿ ಆರು ವರ್ಷದಿಂದ ಒಂದು ಹಿಮದ ಚಿತ್ರ ಇದೆ. ಪೀಟರ್ ಬ್ರೂಗೆಲ್ 1565ರಲ್ಲಿ ಬರೆದ 'ಹಿಮದಲ್ಲಿ ಬೇಟೆಗಾರರು'. ಅಸಲಿ ಅಲ್ಲ ಬಿಡಿ, ಆನ್‌ಲೈನಲ್ಲಿ ತರಿಸಿದ ಪ್ರಿಂಟು, ಕಟ್ಟು ಹಾಕಿಯೇ ಕಳಿಸಿದ್ದರು, 16 ಇಂಚು ಎತ್ತರ, 20 ಇಂಚು ಅಗಲ. ಬೆಂಗಳೂರಿನ ಏಪ್ರಿಲ್ ಸೆಕೆಯಲ್ಲಿ ಅದನ್ನು ನೋಡುತ್ತಾ ಮಜ್ಜಿಗೆ ಕುಡಿಯುವುದು ನನ್ನದೊಂದು ಚಟ. ಎಡ ಅಂಚಿನಲ್ಲಿ ಒಂಚೂರು ಕಿತ್ತಳೆ ಬಣ್ಣ ಮೆತ್ತಿಕೊಂಡಂತೆ ಇತ್ತು. ಪ್ರಿಂಟಿಂಗ್ ತಪ್ಪು ಅಂದುಕೊಂಡು ಸುಮ್ಮನಿದ್ದೆ.

ಹೋದ ವರ್ಷ ಕೆಲಸದ ಮೇಲೆ ವಿಯೆನ್ನಾಕ್ಕೆ ಹೋದಾಗ ಒಂದು ಮಧ್ಯಾಹ್ನ ಬಿಡುವು ಸಿಕ್ಕಿತು. ಅಸಲಿ ಇರುವುದು ಅಲ್ಲಿನ ಕುನ್ಸ್ಟ್‌ಹಿಸ್ಟೋರಿಷಸ್ ಮ್ಯೂಸಿಯಂನಲ್ಲಿ, ಓಕ್ ಹಲಗೆಯ ಮೇಲೆ, 162 ಸೆಂ.ಮೀ. ಅಗಲ, 117 ಸೆಂ.ಮೀ. ಎತ್ತರ. ಮೊದಲು ಕಂಡಿದ್ದು ಬಣ್ಣ. ನಮ್ಮನೆಯಲ್ಲಿ ಆಕಾಶ ನೀಲಿ, ಇಲ್ಲಿ ಆಕಾಶವೂ ಕೆಳಗೆ ಹೆಪ್ಪುಗಟ್ಟಿದ ಕೊಳವೂ ಒಂದೇ ಥರದ ಬೂದು ಹಸಿರು, ನೋಡಿದರೇ ಮೈ ಜುಂ ಅನ್ನುವಂಥದ್ದು. ಆಮೇಲೆ ಎಡಗಡೆ ನೋಡಿದೆ. ಅಲ್ಲೊಂದು ಬೆಂಕಿ ಉರೀತಿದೆ! ಛತ್ರದ ಮುಂದೆ ಜನ ನಿಂತು ಹಂದಿಯ ಕೂದಲು ಸುಡುತ್ತಿದ್ದಾರೆ, ಮೇಲೆ ಛತ್ರದ ಬೋರ್ಡು ಕೊಕ್ಕೆ ಕಳಚಿ ವಾಲಿಕೊಂಡಿದೆ. ನನ್ನ ಕಿತ್ತಳೆ ಕಲೆ ಅದೇ.

ಆಗಲೇ ಲೆಕ್ಕ ಹಾಕಿದೆ. 16 ಇಂಚು ಎತ್ತರಕ್ಕೆ 22 ಇಂಚು ಅಗಲ ಬೇಕು. ರೆಡಿ ಕಟ್ಟಿಗೆ ಹೊಂದಿಸೋಕೆ ಎಡಗಡೆಯಿಂದ ಎರಡು ಇಂಚು ಹಾರಿಸಿಬಿಟ್ಟಿದ್ದಾರೆ. ಮೂವರು ಬೇಟೆಗಾರರು, ನಾಯಿಗಳ ಹಿಂಡು, ಇಷ್ಟೆಲ್ಲಾ ಸೇರಿ ತಂದಿರೋದು ಒಂದು ಬಡಕಲು ನರಿ, ಪಕ್ಕದಲ್ಲೇ ಬೇರೆಯವರ ಹಬ್ಬದಡುಗೆ ತಯಾರಾಗ್ತಿದೆ, ಇವರು ತಲೆ ತಗ್ಗಿಸಿಕೊಂಡು ಹೋಗ್ತಿದ್ದಾರೆ. ಆ ಬೆಂಕಿ ಇಲ್ಲದಿದ್ದರೆ ಅವರ ಚಳಿ ಅರ್ಧ ಕಮ್ಮಿ ಅಲ್ವಾ? ಋತುಗಳನ್ನು ಬರೆದ ಈ ಸರಣಿಯಲ್ಲಿ ಉಳಿದಿರೋದು ಐದೇ ಚಿತ್ರ, ಅದರಲ್ಲಿ ಇದಲ್ಲದೆ ಇನ್ನೆರಡು ಅದೇ ಮ್ಯೂಸಿಯಂನಲ್ಲಿವೆ, ಆದರೆ ನಾನು ಅವುಗಳತ್ತ ಸರಿಯಾಗಿ ತಿರುಗಲೇ ಇಲ್ಲ.

ಅಂಗಡಿಯಲ್ಲಿ ಪೂರ್ತಿ ಚಿತ್ರದ ಪೋಸ್ಟರ್ ಇತ್ತು, ಸುತ್ತ ಬಿಳಿ ಅಂಚು. ಕೊಂಡೆ. ವಿಮಾನದಲ್ಲಿ ಮಗು ಹಿಡಿದಂತೆ ಹಿಡಿದುಕೊಂಡು ಬಂದೆ.

ಮೊನ್ನೆ ಕಟ್ಟು ಹಾಕಿಸಲು ನಮ್ಮ ಬೀದಿಯ ಅಂಗಡಿಗೆ ಒಯ್ದೆ. ಅವರು ಬಿಡಿಸಿ ನೋಡಿ, ಟೇಪ್ ಹಿಡಿದು, 'ಸಾರ್, ಸೈಡಲ್ಲಿ ಸ್ವಲ್ಪ ಕಟ್ ಮಾಡಿದ್ರೆ ರೆಡಿ ಫ್ರೇಮಿಗೇ ಕೂರುತ್ತೆ, ನಿಮಗೂ ಉಳಿತಾಯ' ಅಂದರು.