ಪ್ರಶ್ನೆ ಕೇಳುವ ಜಾಗ

ಕಳೆದ ತಿಂಗಳು ಬೆಂಗಳೂರಿನಲ್ಲಿ ಕೆಲಸ ಮುಗಿದ ಮೇಲೆ ಊರಿನ ಬಸ್ಸಿಗೆ ಇನ್ನೂ ಎರಡು ಗಂಟೆ ಉಳಿದಿತ್ತು. ಶೇಷಾದ್ರಿ ರಸ್ತೆಯ ಫ್ರೀಡಂ ಪಾರ್ಕಿನೊಳಗೆ ಹೋಗಿ ಕುಳಿತೆ. ಹಳೆಯ ಸೆಂಟ್ರಲ್ ಜೈಲಿನ ಕಾವಲು ಗೋಪುರವನ್ನೂ ಕೆಲವು ಬ್ಯಾರಕ್ಕುಗಳನ್ನೂ ಹಾಗೆಯೇ ಉಳಿಸಿಕೊಂಡು 2008ರಲ್ಲಿ ತೆರೆದ ಉದ್ಯಾನ ಅದು. ಗೋಪುರದ ಬುಡದಲ್ಲಿ ಕಾಲೇಜು ಹುಡುಗರು ಫೋಟೊ ತೆಗೆದುಕೊಳ್ಳುತ್ತಿದ್ದರು. ಆಚೆ ಬದಿಯ ಶಾಮಿಯಾನದ ಕೆಳಗೆ ಯಾವುದೋ ಇಲಾಖೆಯ ಹೊರಗುತ್ತಿಗೆ ನೌಕರರು ಮೂರು ದಿನದಿಂದ ಕುಳಿತಿದ್ದರು. ಮೈಕ್ ಹಿಡಿದಿದ್ದವರ ಗಂಟಲು ಪೂರ್ತಿ ಕಟ್ಟಿಹೋಗಿತ್ತು. ಡಬ್ಬಿಯಿಂದ ಚಿತ್ರಾನ್ನ ಬಡಿಸುತ್ತಿದ್ದ ಹೆಂಗಸೊಬ್ಬರನ್ನು, 'ಯಾರಾದರೂ ಬಂದು ಕೇಳಿದರೇ?' ಎಂದು ವಿಚಾರಿಸಿದೆ. 'ವಿರೋಧ ಪಕ್ಷದವರು ಬಂದಿದ್ದರು ಸಾರ್, ಅರ್ಧ ಗಂಟೆ ಕೂತಿದ್ದರು. ಹೋದ ಸಲ ಅವರೇ ಸರ್ಕಾರದಲ್ಲಿದ್ದರು, ಆಗ ಈಗಿನವರು ಬಂದು ಕೂತಿದ್ದರು' ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಬಸ್ಸಿನ ವೇಳೆ ಹೇಳುವವರ ಹಾಗೆ ಹೇಳಿ, ಮುಂದಿನ ಸಾಲಿಗೆ ಬಡಿಸಲು ಹೋದರು.

ಈ ಜಾಗಕ್ಕೆ ಬಂದಾಗಲೆಲ್ಲ ನನಗೆ ನೆನಪಾಗುವ ಸಂಗತಿಯೊಂದಿದೆ. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಹೇರಿದಾಗ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಅಡ್ವಾಣಿ, ಮಧು ದಂಡವತೆ ಮೊದಲಾದವರು ಬೆಂಗಳೂರಿನಲ್ಲೇ ಇದ್ದರು. ಮರುದಿನ ಅವರನ್ನು ಬಂಧಿಸಿ ಇದೇ ಜೈಲಿಗೆ ತಂದರು. ಅವರು ಊರಿಗೆ ಬಂದಿದ್ದು ಮೆರವಣಿಗೆಗಲ್ಲ, ಪಕ್ಷಾಂತರ ತಡೆಯುವ ಮಸೂದೆಯನ್ನು ಪರಿಶೀಲಿಸುತ್ತಿದ್ದ ಸಂಸತ್ತಿನ ಜಂಟಿ ಸಮಿತಿಯ ಸಭೆಗೆ. ಆಳುವವರೂ ವಿರೋಧಿಗಳೂ ಒಂದೇ ಮೇಜಿನ ಸುತ್ತ ಕುಳಿತು ಮಸೂದೆಯ ಸಾಲುಗಳನ್ನು ತಿದ್ದಬೇಕಾಗಿದ್ದ ದಿನ, ಮೇಜಿನ ಒಂದು ಬದಿಯವರು ಜೈಲು ಸೇರಿದರು. ನಟಿ ಸ್ನೇಹಲತಾ ರೆಡ್ಡಿಯವರನ್ನೂ ಇಲ್ಲಿಯೇ ಇರಿಸಿದ್ದರು. ಕಾಯಿಲೆ ಉಲ್ಬಣಿಸಿ ಪೆರೋಲಿನ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು, ಅವರು ತೀರಿಕೊಂಡರು.

ಆ ಪಕ್ಷಾಂತರ ತಡೆ ಕಾನೂನು ಹುಟ್ಟಿದ್ದು ಹತ್ತು ವರ್ಷ ತಡವಾಗಿ, 1985ರಲ್ಲಿ. ಅದರ ಗತಿ ಏನಾಯಿತೆಂಬುದನ್ನು ಕರ್ನಾಟಕದವರಿಗೆ ಹೊಸದಾಗಿ ಹೇಳಬೇಕಿಲ್ಲ. 2019ರ ಜುಲೈನಲ್ಲಿ ಶಾಸಕರು ರಾಜೀನಾಮೆ ಬರೆದುಕೊಟ್ಟು ಮುಂಬೈಯ ಹೋಟೆಲು ಸೇರಿದರು, 99ಕ್ಕೆ 105 ಮತಗಳಿಂದ ಎಚ್.ಡಿ. ಕುಮಾರಸ್ವಾಮಿಯವರ ಸರ್ಕಾರ ಬಿತ್ತು, ಸ್ಪೀಕರ್ ರಮೇಶ್ ಕುಮಾರ್ 17 ಮಂದಿಯನ್ನು ಅನರ್ಹಗೊಳಿಸಿದರು. ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅನರ್ಹತೆಯನ್ನು ಎತ್ತಿಹಿಡಿದರೂ ಮತ್ತೆ ಸ್ಪರ್ಧಿಸಲು ಅಡ್ಡಿಯಿಲ್ಲವೆಂದಿತು. ಡಿಸೆಂಬರಿನ ಉಪಚುನಾವಣೆಯಲ್ಲಿ ಅವರಲ್ಲಿ ಹೆಚ್ಚಿನವರು ಬಿಜೆಪಿಯಿಂದ ನಿಂತು ಗೆದ್ದರು. 2020ರ ಫೆಬ್ರುವರಿ 6ರಂದು ಅವರಲ್ಲಿ 10 ಮಂದಿ ಸಚಿವರಾಗಿ ಪ್ರಮಾಣವಚನ ತೆಗೆದುಕೊಂಡರು. ವಾಜಪೇಯಿ, ಅಡ್ವಾಣಿಯವರು ಯಾವ ರೋಗಕ್ಕೆ ಮದ್ದು ಅರೆಯಲು ಬೆಂಗಳೂರಿಗೆ ಬಂದು ಜೈಲು ಸೇರಿದರೋ, ಅದೇ ಬೆಂಗಳೂರಿನಲ್ಲಿ ಆ ರೋಗ 'ಆಪರೇಷನ್ ಕಮಲ'ವೆಂದು ಅವರದೇ ಪಕ್ಷದ ಚಿಹ್ನೆಯ ಹೆಸರು ಪಡೆಯಿತು.

ದೇಶದ ಮುಂದಿನ ದಿನಗಳ ಬಗ್ಗೆ ಮಾತು ಬಂದಾಗ ಮದುವೆಮನೆಯಲ್ಲಾಗಲಿ ಬಸ್ಸಿನಲ್ಲಾಗಲಿ ಕೊನೆಗೆ ಕೇಳಿಬರುವ ಪ್ರಶ್ನೆ ಒಂದೇ: 'ಇವರಲ್ಲದಿದ್ದರೆ ಇನ್ಯಾರಿದ್ದಾರೆ?' ಈ ಪ್ರಶ್ನೆ ವಿರೋಧ ಪಕ್ಷವನ್ನು ಪಟ್ಟಕ್ಕೆ ಕಾದು ಕುಳಿತ ಇನ್ನೊಬ್ಬ ರಾಜನಂತೆ ನೋಡುತ್ತದೆ. ಕಾದು ಕುಳಿತವನು ದುರ್ಬಲನಾಗಿದ್ದರೆ ನಷ್ಟ ಅವನದು ಮಾತ್ರ ಎಂದುಕೊಂಡು ನಾವು ಸುಮ್ಮನಾಗುತ್ತೇವೆ. ನನ್ನ ಆತಂಕ ಬೇರೆ. ವಿರೋಧ ಪಕ್ಷ ಸೋಲಬಹುದು, ಸೋತದ್ದು ಮತ್ತೆ ಗೆಲ್ಲಲೂಬಹುದು. ಆದರೆ ಅದು ಕುಳಿತು ಪ್ರಶ್ನೆ ಕೇಳುವ ಜಾಗವನ್ನೇ ಒಂದೊಂದು ಮೊಳದಂತೆ ಒತ್ತುವರಿ ಮಾಡಿದರೆ, ಗೆದ್ದವರು ಮುಂದೆ ಸೋತಾಗ ಅವರಿಗೂ ಕೂರಲು ಜಾಗ ಇರುವುದಿಲ್ಲ. ಇಷ್ಟಾದರೂ ಪ್ರತಿಯೊಬ್ಬರೂ ತಮ್ಮ ಸರದಿ ಬಂದಾಗ ಬೇಲಿಯನ್ನು ಇನ್ನಷ್ಟು ಒಳಗೆ ಸರಿಸುತ್ತಿದ್ದಾರೆ.

ಆ ಜಾಗದಲ್ಲಿ ಕುಳಿತವರಿಂದ ಏನಾಗುತ್ತದೆ ಎಂದು ಕೇಳುವವರಿಗೆ ನಾನು ನಮ್ಮ ಕಡೆಯ ಕಾಗೋಡನ್ನು ತೋರಿಸುತ್ತೇನೆ. ಸಾಗರ ತಾಲ್ಲೂಕಿನ ಆ ಊರಿನಲ್ಲಿ 1951ರಲ್ಲಿ ಜಗಳ ಹೊತ್ತಿದ್ದು ಸಿದ್ಧಾಂತದಿಂದಲ್ಲ, ಕೊಳಗದಿಂದ. ಗೇಣಿ ಭತ್ತ ಅಳೆದುಕೊಳ್ಳುವಾಗ ಒಡೆಯರು ಬಳಸುತ್ತಿದ್ದ ಕೊಳಗ ಸರ್ಕಾರದ ಅಳತೆಗಿಂತ ದೊಡ್ಡದೆಂದು ದೀವರ ಸಮುದಾಯದ ಗೇಣಿದಾರರು ತಕರಾರು ತೆಗೆದರು. ಎಚ್. ಗಣಪತಿಯಪ್ಪನವರು ಸಂಘಟಿಸಿದ ಆ ಸತ್ಯಾಗ್ರಹಕ್ಕೆ ಸಮಾಜವಾದಿಗಳು ಕೈಜೋಡಿಸಿದರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷದ ಚುನಾವಣೆಯಲ್ಲಿ ಆ ಹೋರಾಟದ ಶಾಂತವೇರಿ ಗೋಪಾಲಗೌಡರು ಶಾಸಕರಾಗಿ ಸದನಕ್ಕೆ ಹೋದರು. ಕಾಂಗ್ರೆಸ್ಸಿನ ಭಾರಿ ಬಹುಮತದ ಎದುರು ಅವರ ಪಕ್ಷದ ಬಲ ಲೆಕ್ಕಕ್ಕೇ ಸಿಗುವಂಥದ್ದಲ್ಲ. ಮಂತ್ರಿಯಾಗಲಿಲ್ಲ, ಸರ್ಕಾರ ಬೀಳಿಸಲಿಲ್ಲ. 'ಉಳುವವನೇ ಹೊಲದೊಡೆಯ' ಎಂಬ ಮಾತನ್ನು ಮಾತ್ರ ಸದನದ ಒಳಗೂ ಹೊರಗೂ ಬಿಡದೆ ಹೇಳುತ್ತ ಹೋದರು. 1972ರ ಜೂನಿನಲ್ಲಿ ಅವರು ತೀರಿಕೊಂಡರು. ಕಾಂಗ್ರೆಸ್ಸಿನ ದೇವರಾಜ ಅರಸು ತಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ನಮ್ಮ ಅಜ್ಜ ತಾನು ಗೇಣಿದಾರನೆಂದು ಡಿಕ್ಲರೇಷನ್ ಹಾಕಿ ಎರಡು ಎಕರೆ ಗದ್ದೆ ಪಡೆದದ್ದು ಆ ಕಾನೂನಿನಿಂದ. ಅಜ್ಜ ಕೊನೆಯವರೆಗೂ ಅರಸರಿಗೇ ಓಟು ಹಾಕಿದವರು, ಅದು ನ್ಯಾಯವೇ. ಆದರೆ ಆ ಕಾನೂನಿನ ಬೀಜ ಇಪ್ಪತ್ತು ವರ್ಷ ಮೊಳಕೆಯೊಡೆಯುತ್ತ ಇದ್ದದ್ದು ವಿರೋಧ ಪಕ್ಷದ ಬೆಂಚುಗಳ ಕೆಳಗೆ.

ಈಗ ದೆಹಲಿಗೆ ಬರೋಣ. 2014ರಿಂದ 2024ರವರೆಗೆ ಲೋಕಸಭೆಯಲ್ಲಿ ಅಧಿಕೃತ ವಿರೋಧ ಪಕ್ಷದ ನಾಯಕನೇ ಇರಲಿಲ್ಲ. ಕಾಂಗ್ರೆಸ್ಸಿಗೆ ಮೊದಲ ಸಲ 44, ಎರಡನೆಯ ಸಲ 52 ಸ್ಥಾನ. ಸದನದ ಹತ್ತನೇ ಒಂದು ಭಾಗ ಬೇಕೆಂಬ ಹಳೆಯ ರೂಢಿ ಅಡ್ಡ ಬಂತು. ವಿರೋಧ ಪಕ್ಷದ ನಾಯಕರ ಸಂಬಳ, ಭತ್ಯೆಗಳ 1977ರ ಕಾಯ್ದೆಯಲ್ಲಿ ಹತ್ತನೇ ಒಂದರ ಮಾತಿಲ್ಲ. ವಿರೋಧ ಪಕ್ಷಗಳಲ್ಲಿ ಹೆಚ್ಚು ಸದಸ್ಯರಿರುವ, ಸ್ಪೀಕರ್ ಮಾನ್ಯತೆ ಕೊಟ್ಟ ಪಕ್ಷದ ನಾಯಕ ಎಂದಷ್ಟೇ ಇದೆ. ಇದು ಕುರ್ಚಿಯ ಗೌರವದ ಪ್ರಶ್ನೆ ಮಾತ್ರವಾಗಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಸಿಬಿಐ ನಿರ್ದೇಶಕ, ಲೋಕಪಾಲ, ಮುಖ್ಯ ಮಾಹಿತಿ ಆಯುಕ್ತ ಮುಂತಾದವರ ಆಯ್ಕೆ ಸಮಿತಿಯಲ್ಲಿ ಪ್ರಧಾನಿಯ ಎದುರು ಕುಳಿತು 'ಈ ಹೆಸರು ಬೇಡ' ಎಂದು ದಾಖಲಿಸುವ ಹಕ್ಕು ಆ ಕುರ್ಚಿಯಲ್ಲಿ ಕುಳಿತವರಿಗಿದೆ. ಕಲಬುರಗಿಯ ಮಲ್ಲಿಕಾರ್ಜುನ ಖರ್ಗೆಯವರನ್ನು ಲೋಕಪಾಲರ ಆಯ್ಕೆಗೆ 'ವಿಶೇಷ ಆಹ್ವಾನಿತ'ರೆಂದು ಕರೆದಾಗ ಅವರು ಹೋಗಲಿಲ್ಲ. ಮತ ಹಾಕುವಂತಿಲ್ಲ, ಭಿನ್ನಾಭಿಪ್ರಾಯ ಬರೆಯುವಂತಿಲ್ಲ, ಹೋಗಿ ಮಾಡುವುದೇನು ಎಂಬ ಅವರ ವಾದ ನನಗೆ ಒಪ್ಪಿಗೆಯಾಗಿತ್ತು.

ಲೋಕಸಭೆಯ ಡೆಪ್ಯುಟಿ ಸ್ಪೀಕರ್ ಸ್ಥಾನವನ್ನು ವಿರೋಧ ಪಕ್ಷಕ್ಕೆ ಬಿಡುವ ಸಂಪ್ರದಾಯವೊಂದಿತ್ತು. 17ನೇ ಲೋಕಸಭೆ ಐದೂ ವರ್ಷ ಆ ಸ್ಥಾನವನ್ನು ತುಂಬದೆಯೇ ಮುಗಿಯಿತು. 2023ರ ಡಿಸೆಂಬರಿನಲ್ಲಿ ಎರಡೂ ಸದನಗಳಿಂದ 146 ಸಂಸದರನ್ನು ಅಮಾನತು ಮಾಡಲಾಯಿತು. ಹಳೆಯ ದಂಡ ಸಂಹಿತೆ, ದಂಡ ಪ್ರಕ್ರಿಯಾ ಸಂಹಿತೆ, ಸಾಕ್ಷ್ಯ ಕಾಯ್ದೆಗಳ ಜಾಗಕ್ಕೆ ಬಂದ ಮೂರು ಅಪರಾಧ ಕಾನೂನುಗಳು ಆ ಖಾಲಿ ಬೆಂಚುಗಳ ಎದುರೇ ಅಂಗೀಕಾರವಾದವು. ಇಂದು ಯಾವುದೇ ಪೊಲೀಸ್ ಠಾಣೆಯಲ್ಲಿ ಎಫ್‌ಐಆರ್ ಬರೆಯುವುದು ಆ ಕಾನೂನುಗಳ ಕಲಮಿನ ಪ್ರಕಾರ. 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಗದ್ದಲದ ನಡುವೆ ಧ್ವನಿಮತದಿಂದ ಪಾಸಾದ ಕೃಷಿ ಮಸೂದೆಗಳ ಕತೆ ಎಲ್ಲರಿಗೂ ಗೊತ್ತು. ಸದನದಲ್ಲಿ ಒಂದು ವಾರ ನಡೆಯಬೇಕಿದ್ದ ವಾದ ದೆಹಲಿಯ ಗಡಿಗಳಲ್ಲಿ ಚಳಿ, ಬಿಸಿಲು, ಮಳೆಗಳಲ್ಲಿ ಒಂದು ವರ್ಷ ಮೀರಿ ನಡೆಯಿತು. 2021ರ ನವೆಂಬರಿನಲ್ಲಿ ಆ ಕಾನೂನುಗಳನ್ನು ಹಿಂಪಡೆದದ್ದೂ ಚರ್ಚೆಯಿಲ್ಲದೆಯೇ!

ಇಷ್ಟನ್ನೇ ಬರೆದು ನಿಲ್ಲಿಸಿದರೆ ನನ್ನ ಕೆಲವು ಗೆಳೆಯರಿಗೆ ಸಂತೋಷವಾಗುತ್ತದೆ. ಆದರೆ ವಿಧಾನಸೌಧದ ಕಡೆ ತಿರುಗಿದರೆ ಬಣ್ಣ ಬದಲಾಗುತ್ತದೆ, ಚಿತ್ರ ಬದಲಾಗುವುದಿಲ್ಲ. 2020ರ ಡಿಸೆಂಬರಿನಲ್ಲಿ ಬಿಜೆಪಿ ಸರ್ಕಾರ ಗೋಹತ್ಯೆ ನಿಷೇಧ ಮಸೂದೆಯನ್ನು ವಿಧಾನಸಭೆಯಲ್ಲಿ ಚರ್ಚೆಯಿಲ್ಲದೆ ಪಾಸು ಮಾಡಿಸಿಕೊಂಡಾಗ ಕಾಂಗ್ರೆಸ್ಸಿನವರು ಪ್ರಜಾಪ್ರಭುತ್ವದ ಕಗ್ಗೊಲೆ ಎಂದರು. 146 ಸಂಸದರ ಅಮಾನತಿಗೂ ಅದೇ ಪದ ಬಳಸಿದರು. 2025ರ ಮಾರ್ಚ್ 21ರಂದು ಅದೇ ಕಾಂಗ್ರೆಸ್ಸಿನ ಆಳ್ವಿಕೆಯಲ್ಲಿ ಬಿಜೆಪಿಯ 18 ಶಾಸಕರನ್ನು ಆರು ತಿಂಗಳ ಕಾಲ ಅಮಾನತು ಮಾಡಿ ಮಾರ್ಷಲ್‌ಗಳಿಂದ ಹೊರಗೆ ಹಾಕಿಸಲಾಯಿತು. ಸ್ಪೀಕರ್ ಪೀಠದ ಮೇಲೆ ಕಾಗದ ಹರಿದೆಸೆದವರನ್ನು ನಾನು ಸಮರ್ಥಿಸುವುದಿಲ್ಲ. ಆ ದಿನದ ಮಟ್ಟಿಗೆ, ಬೇಕಾದರೆ ಅಧಿವೇಶನದ ಮಟ್ಟಿಗೆ ಹೊರಗಿಡಲಿ. ಆದರೆ ಮಹಾರಾಷ್ಟ್ರದ 12 ಬಿಜೆಪಿ ಶಾಸಕರ ಒಂದು ವರ್ಷದ ಅಮಾನತನ್ನು ರದ್ದುಪಡಿಸುವಾಗ, ಅಧಿವೇಶನದ ಅವಧಿ ಮೀರಿದ ಅಮಾನತು ಸಂವಿಧಾನಬಾಹಿರವೆಂದು ಸುಪ್ರೀಂ ಕೋರ್ಟು 2022ರ ಜನವರಿಯಲ್ಲೇ ಹೇಳಿತ್ತು. ಶಾಸಕನನ್ನು ಹೊರಗಿಟ್ಟರೆ ಅವನ ಕ್ಷೇತ್ರದ ಜನರನ್ನೂ ಹೊರಗಿಟ್ಟಂತೆ ಎಂಬುದು ಆ ತೀರ್ಪಿನ ತಿರುಳು. ಆ 18 ಮಂದಿಯ ಅಮಾನತನ್ನು ಎರಡು ತಿಂಗಳ ನಂತರ ನಮ್ಮವರು ಹಿಂಪಡೆದರು, ಅದೊಂದು ಸಮಾಧಾನ. ಅಂದ ಹಾಗೆ, ಅಮಾನತಾದ ದಿನವೇ, ಅದೇ ಗದ್ದಲದ ನಡುವೆ ಶಾಸಕರ ತಿಂಗಳ ಸಂಬಳವನ್ನು 40 ಸಾವಿರದಿಂದ 80 ಸಾವಿರಕ್ಕೆ ಏರಿಸುವ ಮಸೂದೆಯೂ ಪಾಸಾಯಿತು. ಅದಕ್ಕೆ ಯಾರೂ ಕಾಗದ ಹರಿಯಲಿಲ್ಲ.

ವಿರೋಧ ಪಕ್ಷದ ಪಾಲಿನ ತಪ್ಪು ಇಲ್ಲಿಂದಲೇ ಶುರುವಾಗುತ್ತದೆ. ಸದನದ ಕಲಾಪದಲ್ಲಿ ಪ್ರಶ್ನೋತ್ತರ ವೇಳೆ ಸದಸ್ಯರ ಕೈಯಲ್ಲಿರುವ ಹೊತ್ತು, ಆದರೂ ಸ್ಪೀಕರ್ ಪೀಠದ ಮುಂದಿನ 'ಬಾವಿ'ಗಿಳಿದು ಧರಣಿ ಕೂರುವವರು ಮೊದಲು ಬಲಿ ಕೊಡುವುದು ಅದನ್ನೇ. ಮಧ್ಯಾಹ್ನದ ಟೀವಿಗೆ ಒಂದು ದೃಶ್ಯ ಸಿಕ್ಕರೆ ಕೆಲಸವಾಯಿತು. ಇನ್ನೊಂದು ರೋಗದ ಹೆಸರು ನಮ್ಮ ರಾಜಕಾರಣಿಗಳೇ ಇಟ್ಟದ್ದು: ಹೊಂದಾಣಿಕೆ ರಾಜಕಾರಣ. ಚುನಾವಣೆಗೆ ಮೊದಲು ಕೂಗಿ ಹೇಳಿದ ಹಗರಣಗಳು ಅಧಿಕಾರ ಬದಲಾದ ಮೇಲೆ ತನಿಖಾ ಆಯೋಗದ ಕಪಾಟು ಸೇರುತ್ತವೆ. ನಾಯಕರ ಮೇಲೆ ಈ ಆರೋಪ ಹೊರಿಸುವವರು ಎದುರು ಪಕ್ಷದವರು ಮಾತ್ರವಲ್ಲ, ಸ್ವಂತ ಪಕ್ಷದ ಅತೃಪ್ತರೂ ಎಂಬುದನ್ನು ಗಮನಿಸಬೇಕು.

ಒಳಗೆ ಜಾಗ ಕಿರಿದಾದಂತೆ ಹೊರಗಾದರೂ ಅಗಲವಾಗಬೇಕಿತ್ತು. ಬೆಂಗಳೂರಿನಲ್ಲಿ 2021ರ ಆದೇಶದ ಪ್ರಕಾರ ಪ್ರತಿಭಟನೆ ಮಾಡಬೇಕೆಂದರೆ ಈ ಫ್ರೀಡಂ ಪಾರ್ಕಿಗೇ ಬರಬೇಕು. ಸಂಚಾರ ದಟ್ಟಣೆಯ ಕಾರಣ ನನಗೂ ಅರ್ಥವಾಗುತ್ತದೆ, ಆಂಬುಲೆನ್ಸಿನಲ್ಲಿ ಸಿಕ್ಕಿಬಿದ್ದವರ ಕಷ್ಟ ಸುಳ್ಳಲ್ಲ. ಆದೇಶ ಹೊರಟದ್ದು ಬಿಜೆಪಿ ಸರ್ಕಾರದ ಕಾಲದಲ್ಲಿ, ವಿರೋಧಿಸಿದವರು ಅಧಿಕಾರಕ್ಕೆ ಬಂದ ಮೇಲೂ ಅದನ್ನು ಹಾಗೆಯೇ ಇಟ್ಟುಕೊಂಡರು. ಅಲ್ಲಿನ ಶಾಮಿಯಾನದ ದನಿ ಕೇಳಿಸುವ ದೂರದಲ್ಲಿ ಉತ್ತರ ಕೊಡಬೇಕಾದ ಯಾವ ಮಂತ್ರಿಯೂ ಕುಳಿತಿರುವುದಿಲ್ಲ.

ಉತ್ತರ ಕೊಡಬೇಕಾದ ಒತ್ತಡ ಎಂದರೇನೆಂಬುದನ್ನು ನಾನು ಕಂಡದ್ದು ಹೈಸ್ಕೂಲಿನಲ್ಲಿದ್ದಾಗ. ನಮ್ಮ ಊರಿಗೂ ಶಾಲೆಗೂ ನಡುವಿನ ಹಳ್ಳಕ್ಕೆ ಅಡಿಕೆ ದಬ್ಬೆ ಕಟ್ಟಿದ ಕಾಲುಸಂಕವೊಂದೇ ಗತಿ. ಒಂದು ಮಳೆಗಾಲ ಅದು ಕೊಚ್ಚಿಹೋಯಿತು, ನಾವು ಹದಿನೈದು ದಿನ ಶಾಲೆಗೆ ಹೋಗಲಿಲ್ಲ. ಅಪ್ಪ ಕೊಟ್ಟ ಅರ್ಜಿಗಳಿಗೆ ಉತ್ತರವಿಲ್ಲ. ಆಗ ವಿರೋಧ ಪಕ್ಷದಲ್ಲಿದ್ದ ನಮ್ಮ ಶಾಸಕರು ಆ ವಿಷಯವನ್ನು ಚುಕ್ಕೆ ಗುರುತಿನ, ಅಂದರೆ ಮಂತ್ರಿ ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಬೇಕಾದ, ಪ್ರಶ್ನೆಯಾಗಿ ಹಾಕಿದರು. ಪ್ರಶ್ನೆ ಅಂಗೀಕಾರವಾದ ವಾರದೊಳಗೆ ಜೀಪೊಂದು ಬಂತು. ಮಂತ್ರಿಗೆ ಉತ್ತರ ಬರೆದುಕೊಡಬೇಕಿದ್ದ ಎಂಜಿನಿಯರ್ ಪ್ಯಾಂಟು ಮಡಚಿ ಹಳ್ಳಕ್ಕಿಳಿದು ಟೇಪು ಹಿಡಿದರು. 'ಅನುದಾನದ ಲಭ್ಯತೆಯನ್ನು ಆಧರಿಸಿ ಕ್ರಮ ಕೈಗೊಳ್ಳಲಾಗುವುದು' ಎಂಬುದೇ ಉತ್ತರವಾಗಿತ್ತು. ಶಾಸಕರು ಬಿಡದೆ ಎದ್ದು ನಿಂತು ಉಪಪ್ರಶ್ನೆ ಕೇಳಿದರು: ಯಾವ ವರ್ಷದ ಅನುದಾನ? ಮಂತ್ರಿ ವರ್ಷ ಹೇಳಲೇಬೇಕಾಯಿತು. ಕಾಂಕ್ರೀಟಿನ ಸಂಕ ಮುಗಿಯುವ ಹೊತ್ತಿಗೆ ಆ ಶಾಸಕರು ಸೋತಿದ್ದರು, ಉದ್ಘಾಟನೆಗೆ ಗೆದ್ದವರು ಬಂದು ಟೇಪು ಕತ್ತರಿಸಿದರು.

ಹೋದ ಅಧಿವೇಶನದಲ್ಲಿ ಅದೇ ಊರಿನ ಶಾಲೆಗೆ ಮೇಷ್ಟ್ರಿಲ್ಲವೆಂಬ ಪ್ರಶ್ನೆಯೊಂದು ಪಟ್ಟಿಯಲ್ಲಿತ್ತು. ಅಪ್ಪನಿಗೆ ಈಗ ಕಣ್ಣು ಮಂಜು, ನಾನೇ ಮೊಬೈಲಿನಲ್ಲಿ ನೇರ ಪ್ರಸಾರ ಹಾಕಿ ಕಿವಿಯ ಹತ್ತಿರ ಹಿಡಿದಿದ್ದೆ. ಬೆಳಿಗ್ಗೆಯಿಂದ ಬಾವಿಯಲ್ಲಿ ಧರಣಿ ನಡೆದಿತ್ತು. ಕೂಗಾಟದ ನಡುವೆ, ಪಟ್ಟಿಯಲ್ಲಿದ್ದ ಪ್ರಶ್ನೆಗಳ ಉತ್ತರಗಳನ್ನು ಸದನದ ಮುಂದೆ ಇಟ್ಟಿದೆ ಎಂದು ಒಂದೇ ವಾಕ್ಯದಲ್ಲಿ ಓದಿ, ಕಲಾಪವನ್ನು ಊಟದ ನಂತರಕ್ಕೆ ಮುಂದೂಡಿದರು. 'ನಮ್ಮದು ಬಂತಾ?' ಎಂದು ಅಪ್ಪ ಕೇಳಿದರು. ಉತ್ತರ ಬಂದಿದೆ, ಕಾಗದದಲ್ಲಿದೆ ಎಂದೆ. 'ಅಲ್ಲ, ಎದ್ದು ನಿಂತು ಇನ್ನೊಂದು ಕೇಳಿದರಾ?' ಎಂದರು.